ನೀಲಿ ಪೆನ್ಸಿಲ್ಲಿನ ಇಂಟು ಗುರುತು

ನನ್ನ ಸಿಟ್ಟು ಚನ್ನರಾಯಪಟ್ಟಣದಲ್ಲಿ ಹೆಸರುವಾಸಿ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಕಲಿಸಿದವಳು ನಾನು. ತೆಂಗಿನಕಾಯಿ ಮಂಡಿಯಲ್ಲಿ ಲೋಡು ಮಾಡುವವರಿಂದ ಹಿಡಿದು ಕೋರ್ಟಿನ ವಕೀಲರವರೆಗೆ ಅರ್ಧ ಊರು ನನ್ನಿಂದ ಬೈಸಿಕೊಂಡದ್ದೇ. ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ನನ್ನನ್ನು ಕಂಡರೆ ಕೆಲವರು ಕೈಯಲ್ಲಿದ್ದ ಸಿಗರೇಟನ್ನು ಬೆನ್ನ ಹಿಂದೆ ಇಟ್ಟುಕೊಳ್ಳುತ್ತಾರೆ. ಬೈದದ್ದೆಲ್ಲ ನನಗೆ ನೆನಪಿಲ್ಲ. ಹಾಗೆ ಮರೆತದ್ದರಲ್ಲಿ ಒಂದು ಮಾತ್ರ ಹತ್ತು ವರ್ಷ ಕಳೆದ ಮೇಲೆ ನನ್ನ ಎದುರಿಗೇ ಬಂದು ಕೂತಿತು.

ಸ್ಕೂಲಿನ ಜೊತೆಗೆ ನನಗೆ ಇನ್ನೊಂದು ಕೆಲಸವಿತ್ತು. ಹಾಸನದಿಂದ ಹೊರಡುವ ಒಂದು ದಿನಪತ್ರಿಕೆಗೆ ವಾರಕ್ಕೊಂದು ವ್ಯಂಗ್ಯಚಿತ್ರ ಬರೆಯುವುದು. ಆ ಪತ್ರಿಕೆ ಯಾವ ಪಕ್ಷದ ಕಡೆ ಎಂದು ಕೇಳಿದರೆ ಹಾಸನದಲ್ಲಿ ನಕ್ಕುಬಿಡುತ್ತಾರೆ. ಮೊದಲ ಪುಟದ ಫೋಟೋ ನೋಡಿದರೆ ಸಾಕು. ನನಗೆ ಅದು ಗೊತ್ತಿರಲಿಲ್ಲ ಎಂದು ಹೇಳುವುದಿಲ್ಲ. ಆ ಪಕ್ಷದವರನ್ನು ಗೇಲಿ ಮಾಡಿದರೆ ಚಿತ್ರ ಒಳಪುಟಕ್ಕೆ ಹೋಗುತ್ತಿತ್ತು, ಎದುರಾಳಿಗಳನ್ನು ಮಾಡಿದರೆ ಮೊದಲ ಪುಟಕ್ಕೆ ಬರುತ್ತಿತ್ತು. ಮೊದಲ ಪುಟ ಯಾರಿಗೆ ಬೇಡ? ನನಗೂ ಬೇಕಾಗಿತ್ತು. ಸ್ಕೂಲಿನ ಆಡಳಿತ ಮಂಡಳಿಯ ಕಾಟಕ್ಕೆ ಚಿತ್ರದಲ್ಲಿ ಹೆಸರು ಹಾಕುತ್ತಿರಲಿಲ್ಲ. ಬಲಗಡೆ ಕೆಳಮೂಲೆಯಲ್ಲಿ ಕೊಡೆ ಹಿಡಿದು ನಿಂತ ಒಬ್ಬ ಹೆಂಗಸನ್ನು ಬರೆಯುತ್ತಿದ್ದೆ. ಅದೇ ನನ್ನ ಸಹಿ. ಅದು ನಾನೇ ಎಂದು ಆಡಳಿತ ಮಂಡಳಿಯವರಿಗೂ ಗೊತ್ತಿತ್ತು, ಅವರು ಗೊತ್ತಿಲ್ಲದವರ ಹಾಗೆ ಇದ್ದರು.

ಈಗಿನವರ ಹಾಗೆ ಕಂಪ್ಯೂಟರಿನ ಮೇಲೆ ಬರೆಯಲು ನನಗೆ ಬರುವುದಿಲ್ಲ. ಡ್ರಾಯಿಂಗ್ ಶೀಟಿನ ಮೇಲೆ ಇಂಡಿಯನ್ ಇಂಕಿನಲ್ಲಿ ಬರೀ ಗೆರೆ ಎಳೆಯುತ್ತಿದ್ದೆ. ಎಲ್ಲೆಲ್ಲಿ ಕಪ್ಪು ತುಂಬಬೇಕೋ ಅಲ್ಲಲ್ಲಿ ನೀಲಿ ಪೆನ್ಸಿಲ್ಲಿನಿಂದ ಒಂದು ಸಣ್ಣ ಇಂಟು ಗುರುತು ಹಾಕುತ್ತಿದ್ದೆ. ತಲೆಗೂದಲು, ಕೊಡೆ, ಕಾರಿನ ಟೈರು, ನೆರಳು, ಹೀಗೆ. ಗುರುವಾರ ಸಾಯಂಕಾಲ ಶೀಟನ್ನು ರಟ್ಟಿನ ನಡುವೆ ಇಟ್ಟು, ಹಾಸನದ ಬಸ್ಸಿನ ಕಂಡಕ್ಟರನ ಕೈಗೆ ಕೊಟ್ಟರೆ, ಅಲ್ಲಿ ಪತ್ರಿಕೆಯ ಪುಟ ಕಟ್ಟುವವನು ಬಂದು ಇಳಿಸಿಕೊಳ್ಳುತ್ತಿದ್ದ. ಸ್ಕ್ಯಾನ್ ಮಾಡಿ, ನನ್ನ ಇಂಟು ಗುರುತು ಇದ್ದ ಕಡೆಯಲ್ಲೆಲ್ಲ ಕಪ್ಪು ತುಂಬಿ, ಪುಟಕ್ಕೆ ಹಾಕುವುದು ಅವನ ಕೆಲಸ. ನೀಲಿ ಗುರುತು ಅಚ್ಚಿನಲ್ಲಿ ಕಾಣುತ್ತಿರಲಿಲ್ಲ. ಹನ್ನೊಂದು ವರ್ಷ ಹೀಗೇ ನಡೆಯಿತು.

ಈ ಪುಟ ಕಟ್ಟುವವನು ಹಾಸನದ ಪಕ್ಕದ ಸಾಲಗಾಮೆ ಕಡೆಯವನು. ಅವರಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡವರು ಎಂದು ಕೇಳಿದ್ದೆ. ಊರಿನಲ್ಲಿ ಮಾತ್ರ ಅವರನ್ನು ಹಳೆಯ ಜಾತಿಯ ಹೆಸರಿನಲ್ಲೇ ಕರೆಯುತ್ತಿದ್ದರು. ಅವನಿಗೆ ನಲವತ್ತು ದಾಟಿದೆ, ಮದುವೆಯಾಗಿ ಒಬ್ಬ ಮಗಳಿದ್ದಾಳೆ. ಆದರೂ ನಾನು ಅವನು ಎನ್ನುತ್ತೇನೆ. ನಮ್ಮ ಸಂಪಾದಕರು ನನಗಿಂತ ಹದಿನೈದು ವರ್ಷ ಚಿಕ್ಕವರು, ಅವರಿಗೆ ಬಹುವಚನ. ಇದನ್ನು ಬರೆಯುವಾಗ ಅವನನ್ನು ಅವರು ಎಂದು ತಿದ್ದಿ ನೋಡಿದೆ. ಬೇರೆ ಯಾರದೋ ಕತೆ ಬರೆದ ಹಾಗಾಯಿತು, ಹಾಗೇ ಬಿಟ್ಟಿದ್ದೇನೆ.

ಮೂರು ವರ್ಷದ ಹಿಂದೆ ಒಬ್ಬ ನಾಯಕರು ಅರಕಲಗೂಡು ಕಡೆಯ ಒಂದು ಕಾಲೋನಿಗೆ ಊಟಕ್ಕೆ ಹೋದರು. ದಲಿತರ ಮನೆಯಲ್ಲಿ ಊಟ ಎಂದು ಮೊದಲೇ ಪತ್ರಿಕೆಯವರಿಗೆಲ್ಲ ಫೋನು ಹೋಗಿತ್ತು. ಊಟ ಬಂದದ್ದು ಹೋಟೆಲಿನಿಂದ, ಬಾಳೆಲೆ ಬಂದದ್ದು ಕಾರಿನ ಡಿಕ್ಕಿಯಿಂದ, ನೀರು ಬಂದದ್ದು ಬಾಟಲಿಯಲ್ಲಿ. ಮನೆಯಾಕೆ ಬೆಳಗ್ಗೆಯೇ ಎದ್ದು ಮಾಡಿಟ್ಟಿದ್ದ ಸಾರು ಒಲೆಯ ಮೇಲೇ ಉಳಿಯಿತಂತೆ. ಆ ನಾಯಕರು ನಮ್ಮ ಪತ್ರಿಕೆಯ ಎದುರು ಪಕ್ಷದವರು. ಬಿಡುತ್ತೇನೆಯೇ ನಾನು? ಕೂತಲ್ಲೇ ಒಂದೇ ಉಸಿರಿಗೆ ಬರೆದೆ. ನಾಯಕರು ಪಾರ್ಸೆಲ್ ಬಿಚ್ಚಿಕೊಂಡು ಉಣ್ಣುತ್ತಿದ್ದಾರೆ. ಮನೆಯವನು, ಅವನ ಹೆಂಡತಿ, ಒಂದು ಮಗು, ಮೂವರೂ ಅವರದೇ ಮನೆಯಲ್ಲಿ ಗೋಡೆಗೆ ಒತ್ತಿಕೊಂಡು ನಿಂತಿದ್ದಾರೆ. ಕೆಳಗೆ ಬರೆದೆ: ಮನೆ ನಿಮ್ಮದು, ಊಟ ನಮ್ಮದು, ಫೋಟೋ ಎಲ್ಲರದು.

ಮೊದಲ ಪುಟ. ಬೆಳಗ್ಗೆ ಹತ್ತು ಗಂಟೆಗೆ ಸ್ಟಾಫ್‌ರೂಮಿನಲ್ಲಿ ಎಲ್ಲರ ಮೊಬೈಲಿನಲ್ಲೂ ಅದೇ. ನನಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು. ಆ ನಾಯಕರ ಕಡೆಯದು ಒಂದು ಯೂಟ್ಯೂಬ್ ನ್ಯೂಸ್ ಚಾನೆಲ್ಲು ಹಾಸನದಲ್ಲಿದೆ. ಒಂದು ಕೋಣೆ, ಒಂದು ಮೇಜು, ಹಿಂದೆ ಕೆಂಪು ಪರದೆ. ಅದರ ನಿರೂಪಕ ನನ್ನ ಚಿತ್ರವನ್ನು ದೊಡ್ಡದು ಮಾಡಿ ತೋರಿಸಿ, ನೋಡಿ ವೀಕ್ಷಕರೇ ಎಂದ. ನಾಯಕರ ಮುಖ ಬೆಳ್ಳಗಿದೆ, ಮನೆಯವರ ಮೂರೂ ಮುಖ ಕಾಡಿಗೆ ಬಳಿದ ಹಾಗಿದೆ, ಇದು ಜಾತಿವಾದ ಅಲ್ಲದೆ ಮತ್ತೇನು ಎಂದ. ಪರದೇಶದಲ್ಲಿ ಬಿಳಿಯರು ಕರಿಯರನ್ನು ಹೀಗೇ ಬರೆದು ನಗುತ್ತಿದ್ದರು ಎಂದು ಎಲ್ಲಿಂದಲೋ ಹಳೆಯ ಚಿತ್ರಗಳನ್ನು ತೆಗೆದು ಪಕ್ಕದಲ್ಲಿಟ್ಟ. ಸಾಯಂಕಾಲ ನಾಲ್ಕು ಜನರನ್ನು ಕೂರಿಸಿಕೊಂಡು ಚರ್ಚೆ. ಕೊಡೆ ಹಿಡಿದ ಹೆಂಗಸಿನ ಸುತ್ತ ಕೆಂಪು ವೃತ್ತ ಎಳೆದು, ಈಕೆ ಯಾವ ಜಾತಿ, ಮನೆತನಕ್ಕೆ ಎಷ್ಟು ಎಕರೆ ಜಮೀನು ಎಂದೂ ಹೇಳಿದರು.

ನನ್ನ ಸಿಟ್ಟು ನೆತ್ತಿಗೇರಿತು. ಊಟ ತಂದದ್ದು ಎಲ್ಲಿಂದ ಎನ್ನುವುದು ಅಲ್ಲೇ ಮುಳುಗಿಹೋಯಿತು, ನೋಡಿ. ಹೋಟೆಲಿನ ಪಾರ್ಸೆಲ್ಲು ತಿಂದವನು ದಲಿತರ ಬಂಧು, ಅದನ್ನು ಕಂಡು ನಕ್ಕವಳು ಜಾತಿವಾದಿ. ಇನ್ನು ಬಣ್ಣದ ಮಾತು. ನಾನು ಕಪ್ಪಗಿದ್ದೇನೆ. ಒಂಚೂರು ಕಪ್ಪಲ್ಲ, ಹಂಚಿನ ತಳದ ಹಾಗೆ ಕಪ್ಪು. ನನ್ನನ್ನು ನೋಡಲು ಬಂದ ಗಂಡುಗಳು ಅಕ್ಕನಿಗೆ ಮದುವೆಯಾಗಿದೆಯೇ ಎಂದು ವಿಚಾರಿಸಿ ಹೋಗುತ್ತಿದ್ದರು, ಅವಳು ಬೆಳ್ಳಗಿದ್ದಳು. ಒಬ್ಬರಂತೂ ಹುಡುಗಿಗೆ ಬಣ್ಣ ಕಮ್ಮಿ, ಜಮೀನು ಎಷ್ಟು ಬರುತ್ತದೆ ಎಂದು ನನ್ನೆದುರಿಗೇ ಅಪ್ಪನನ್ನು ಕೇಳಿದರು. ಕಾಫಿ ಲೋಟ ಅವರ ಮುಂದಿನಿಂದ ಎತ್ತಿಕೊಂಡು ಒಳಗೆ ಹೋದೆ. ಮದುವೆಯ ಮಾತು ಅಲ್ಲಿಗೆ ಮುಗಿಯಿತು. ಅಂಥವಳಿಗೆ ಬಣ್ಣದ ಪಾಠ ಹೇಳಲು ಬಂದಿದ್ದಾನೆ, ಮುಖಕ್ಕೆ ಪೌಡರು ಹಾಕಿಕೊಂಡು ಕೂತ ನಿರೂಪಕ.

ಮಾರನೆಯ ದಿನ ಸಂಪಾದಕರ ಫೋನು ಬಂತು. ಮಾಲೀಕರಿಗೆ ತಲೆಬಿಸಿಯಾಗಿದೆ, ಪೊಲೀಸ್ ಸ್ಟೇಷನ್ನಿಗೆ ದೂರು ಹೋಗುವ ಸೂಚನೆ ಇದೆ, ಆದರೆ ಒಂದು ದಾರಿ ಉಂಟು ಎಂದರು. ಆ ಚಿತ್ರಕ್ಕೆ ಕಪ್ಪು ತುಂಬಿದವನು ಅದೇ ಸಮುದಾಯದವನು. ಅವನಿಂದ ಒಂದು ಪತ್ರಕ್ಕೆ ಸಹಿ ಹಾಕಿಸಿದರೆ ಮೊದಲ ಪುಟದಲ್ಲಿ ಅವನ ಫೋಟೋದ ಜೊತೆ ಹಾಕೋಣ, ಚಾನೆಲ್ಲಿನವರ ಬಾಯಿ ಮುಚ್ಚುತ್ತದೆ. ಅವನು ಆಫೀಸಿನಲ್ಲಿ ಸಹಿ ಹಾಕಲು ಒಪ್ಪದೆ ರಜೆ ಹಾಕಿ ಹೋಗಿದ್ದಾನೆ. ನಿಮ್ಮ ಮಾತು ಕೇಳುತ್ತಾನೆ, ನೀವೇ ಹೋಗಿ. ಸೋಮವಾರದೊಳಗೆ ಸಹಿ ಬಾರದಿದ್ದರೆ ಅವನು ಕೆಲಸಕ್ಕೆ ಬರುವುದು ಬೇಡ ಎಂದು ಮಾಲೀಕರು ಹೇಳಿದ್ದಾರೆ, ನಿಮ್ಮ ಚಿತ್ರವನ್ನೂ ನಿಲ್ಲಿಸಬೇಕಾಗಬಹುದು ಎಂದರು. ಪತ್ರದ ಒಕ್ಕಣೆಯನ್ನು ಮೊಬೈಲಿಗೆ ಕಳಿಸಿದರು. ನಾನು ಅದೇ ಸಮುದಾಯಕ್ಕೆ ಸೇರಿದವನು, ಈ ಚಿತ್ರಕ್ಕೆ ನನ್ನ ಕೈಯಾರೆ ಬಣ್ಣ ತುಂಬಿದ್ದೇನೆ, ಇದರಲ್ಲಿ ನನಗೆ ಯಾವ ಜಾತಿಭೇದವೂ ಕಂಡಿಲ್ಲ. ಇಷ್ಟೇ.

ಸರಿಯಾಗಿಯೇ ಇದೆಯಲ್ಲ ಎಂದುಕೊಂಡೆ. ನಿಜ ಹೇಳಬೇಕೆಂದರೆ ಅವನ ಕೆಲಸಕ್ಕಿಂತ ನನ್ನ ಚಿತ್ರದ ಚಿಂತೆಯೇ ನನಗೆ ಜಾಸ್ತಿಯಾಗಿತ್ತು. ಪತ್ರವನ್ನು ಪ್ರಿಂಟು ತೆಗೆಸಿಕೊಂಡು ಭಾನುವಾರ ಬೆಳಗ್ಗೆ ಹಾಸನದ ಬಸ್ಸು ಹತ್ತಿದೆ, ಅಲ್ಲಿಂದ ಸಾಲಗಾಮೆಗೆ ಇನ್ನೊಂದು. ಹನ್ನೊಂದು ವರ್ಷದಲ್ಲಿ ಅವನ ಮನೆಗೆ ನಾನು ಹೋದದ್ದು ಅದೇ ಮೊದಲು.

ಮನೆ ಕಾಲೋನಿಯ ತುದಿಯಲ್ಲಿತ್ತು. ತಾರಸಿ ಮನೆ, ಮುಂದೆ ಸಣ್ಣ ಜಗುಲಿ, ಒಳಗೆ ಗೋಡೆಯ ಮೇಲೆ ಬುದ್ಧನ ಪಟ, ಪಕ್ಕದಲ್ಲಿ ನೀಲಿ ಕೋಟಿನವರ ಪಟ. ಅವನ ತಾಯಿ ಜಗುಲಿಯ ಮೇಲೆ ಅವರೆಕಾಯಿ ಬಿಡಿಸುತ್ತಿದ್ದರು. ನನ್ನನ್ನು ಕಂಡು ಎದ್ದು ನಿಂತರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ, ಒಳಗೆ ಹೋಗಿ ಟೀ ಮಾಡಿ ತಂದರು. ಸ್ಟೀಲಿನ ಲೋಟ, ಹೊಸದು, ಕಂಪನಿಯ ಸ್ಟಿಕರು ಇನ್ನೂ ತಳದಲ್ಲಿತ್ತು. ನಾನು ಟೀ ಕುಡಿದೆ. ಕುಡಿಯುವಾಗ, ನೋಡು, ನಾನು ಇವರ ಮನೆಯಲ್ಲಿ ಟೀ ಕುಡಿಯುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ನಾಯಕರ ಜೊತೆ ಫೋಟೋಗ್ರಾಫರನಾದರೂ ಇದ್ದ, ನನಗೆ ಅವನೂ ಬೇಕಾಗಲಿಲ್ಲ.

ಅವನು ಹಿತ್ತಲಿಂದ ಕೈ ಒರೆಸಿಕೊಂಡು ಬಂದು ಎದುರಿಗೆ ಕೂತ. ಪತ್ರ ಕೊಟ್ಟೆ. ಓದಲಿಲ್ಲ, ಅವನಿಗೆ ಅದರ ಒಕ್ಕಣೆ ಬಾಯಿಪಾಠವಾಗಿತ್ತು. ಮಡಿಸಿ ಜಗುಲಿಯ ಮೇಲಿಟ್ಟು, ಅದರ ಮೇಲೆ ಒಂದು ಅವರೆಕಾಯಿ ಇಟ್ಟ, ಗಾಳಿಗೆ ಹಾರದಿರಲಿ ಎಂದು. ಚಾನೆಲ್ಲಿನವರೂ ಮೂರು ಸಲ ಫೋನು ಮಾಡಿದ್ದರಂತೆ. ಸ್ಟುಡಿಯೋಗೆ ಬಂದು ಕೂರು, ಬಲವಂತದಿಂದ ಕಪ್ಪು ತುಂಬಿಸಿದರು ಎಂದು ಹೇಳು, ಮುಂದೆ ಒಳ್ಳೆಯ ಕಡೆ ಕೆಲಸ ಕೊಡಿಸುತ್ತೇವೆ ಎಂದಿದ್ದರಂತೆ. ಅವರಿಗೂ ಆಗಲ್ಲ ಎಂದಿದ್ದಾನೆ.

ನನಗೆ ಸಮಾಧಾನವಾಯಿತು. ಹಾಗಾದರೆ ಸಹಿ ಹಾಕಪ್ಪ ಎಂದೆ.

ಅವನು ತಲೆಯಲ್ಲಾಡಿಸಿದ. "ಆಕಲ್ಲ ಮೇಡಂ. ಅವ್ರಿಗೂ ನನ್ ಮಕ ಬೇಕು, ಇವ್ರಿಗೂ ನನ್ ಮಕ ಬೇಕು. ಮಾತು ಯಾರ್ಗೂ ಬ್ಯಾಡ. ಇದ್ಕೆ ಸೈನ್ ಆಕುದ್ರೆ ನಾಳಿಕ್ಕೆ ನಮ್ ಬೀದಿಲಿ ಎಂಗೆ ಓಡಾಡ್ಲಿ? ನಮ್ಮವ್ವ ನಲ್ಲಿತವ ಎಂಗೆ ನಿಂತ್ಕತ್ತಾಳೆ?"

ಕೆಲಸ ಹೋಗುತ್ತದೆ ಕಣಪ್ಪ ಎಂದೆ. ಗೊತ್ತು ಎಂದ. ಮಗಳು ಹಾಸನದಲ್ಲಿ ಕಾಲೇಜು ಓದುತ್ತಿದ್ದಾಳಲ್ಲ ಎಂದೆ. ಅದೂ ಗೊತ್ತು ಎಂದ. ಅಷ್ಟಕ್ಕೆ ನನ್ನ ತಾಳ್ಮೆ ಮುಗಿಯಿತು. ಹನ್ನೊಂದು ವರ್ಷ ಜೊತೆಗೆ ಕೆಲಸ ಮಾಡಿದ್ದೇವೆ, ನನ್ನನ್ನು ಅಷ್ಟೇ ತಿಳಿದುಕೊಂಡೆಯಾ ಎಂದೆ. ಕಪ್ಪು ತುಂಬಿದವನು ನೀನು, ಈಗ ನಾನು ಮಾತ್ರ ಜಾತಿವಾದಿಯೋ ಎಂದೂ ಅಂದುಬಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನು ಆ ಮಾತನ್ನು ಎತ್ತಿಯೇ ಇರಲಿಲ್ಲ.

"ಎಲ್ಲಿ ಮಾಡಿದ್ದೀನಿ ನಾನು ಜಾತಿ? ಒಂದು ತೋರಿಸು ನೋಡೋಣ," ಎಂದೆ.

ಅವನು ಎದ್ದು ಒಳಗೆ ಹೋದ. ಸೀರೆ ಅಂಗಡಿಯ ದೊಡ್ಡ ಪ್ಲಾಸ್ಟಿಕ್ ಕವರು ತಂದ. ಅದರಲ್ಲಿ ನನ್ನ ಶೀಟುಗಳಿದ್ದವು. ಹನ್ನೊಂದು ವರ್ಷದ ಅಷ್ಟೂ ಚಿತ್ರಗಳನ್ನು, ಆಫೀಸಿನವರು ರದ್ದಿಗೆ ಹಾಕದ ಹಾಗೆ, ಮನೆಗೆ ತಂದು ಜೋಡಿಸಿಟ್ಟಿದ್ದ. ಒಂದೊಂದರ ನಡುವೆ ಒಂದೊಂದು ನ್ಯೂಸ್‌ಪ್ರಿಂಟ್ ಹಾಳೆ, ಮಸಿ ಅಂಟದಿರಲಿ ಎಂದು. ನಾನು ಕೂಡ ಯಾವತ್ತೂ ಅವು ಎಲ್ಲಿವೆ ಎಂದು ಕೇಳಿದವಳಲ್ಲ. ಜೋಪಾನ ಮಾಡಿದ್ದು ಕಂಡರೂ, ಸಿಟ್ಟಿನಲ್ಲಿದ್ದೆನಲ್ಲ, ಒಂದು ಒಳ್ಳೆಯ ಮಾತೂ ಆಡದೆ ಮೇಲಿನ ಶೀಟನ್ನು ಎಳೆದುಕೊಂಡೆ.

ಅಚ್ಚಾದ ಮೇಲೆ ಆ ನೀಲಿ ಗುರುತುಗಳನ್ನು ನಾನು ನೋಡಿದ್ದೇ ಇಲ್ಲ. ಈಗ ಒಂದರ ಮೇಲೊಂದು ತಿರುವಿದೆ. ಮಂತ್ರಿ, ಶಾಸಕ, ತಹಶೀಲ್ದಾರ್, ಕಂಟ್ರ್ಯಾಕ್ಟರ್, ಸಂಘದ ಅಧ್ಯಕ್ಷ, ಒಬ್ಬರ ಮುಖದ ಮೇಲೂ ಗುರುತಿಲ್ಲ. ಪೌರಕಾರ್ಮಿಕನ ಕೆನ್ನೆಯ ಮೇಲೆ ಇಂಟು. ಕೂಲಿಯವಳ ಹಣೆಯ ಮೇಲೆ ಇಂಟು. ಗ್ರಾಮ ಪಂಚಾಯಿತಿಯ ಮೀಸಲು ಸೀಟಿನಲ್ಲಿ ಗೆದ್ದ ಅಧ್ಯಕ್ಷೆಯನ್ನು ಬರೆದಿದ್ದೆ, ಆಕೆಯ ಗಂಡ ಹಿಂದೆ ನಿಂತು ಅಧಿಕಾರ ನಡೆಸುವ ಚಿತ್ರ. ಗಂಡ ಹೆಂಡತಿ ಇಬ್ಬರ ಮುಖಕ್ಕೂ ಇಂಟು, ಪಕ್ಕದ ಸೆಕ್ರೆಟರಿಯ ಮುಖ ಖಾಲಿ. ಆ ಸೆಕ್ರೆಟರಿಯನ್ನು ನಾನು ಹತ್ತಿರದಿಂದ ನೋಡಿದ್ದೇನೆ, ನನಗಿಂತ ಕಪ್ಪು. ಹಾಗೆ ಬರಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಓದುವವರಿಗೆ ಯಾರು ಯಾರೆಂದು ಒಂದೇ ನೋಟಕ್ಕೆ ತಿಳಿಯಲಿ ಎಂದು ಕೈ ತಾನೇ ಹೋಗಿ ಹಾಕಿಬಿಡುತ್ತಿತ್ತು.

ಹೊಳೆನರಸೀಪುರದ ಹತ್ತಿರದ ನಮ್ಮೂರಿನ ಮನೆ ನೆನಪಾಯಿತು. ನಮ್ಮಪ್ಪ ಗದ್ದೆಯ ಕೆಸರಿನ ಬಣ್ಣದವರು. ನಮ್ಮಲ್ಲಿ ಜೀತದ ಹಾಗೆ ದುಡಿಯುತ್ತಿದ್ದ ಒಬ್ಬ ಆಳು ಗೋಧಿಯ ಬಣ್ಣದವನು, ಬಿಸಿಲಿನಲ್ಲಿ ಮುಖ ಕೆಂಪಗಾಗುತ್ತಿತ್ತು. ಅವ್ವ ಅವನನ್ನು ಕರೆಯುತ್ತಿದ್ದದ್ದು ಕರಿಯ ಎಂದು. ಕರಿಯನಿಗೆ ಊಟ ಕೊಟ್ಟು ಬಾ, ಮೇಲಿನಿಂದ ಹಾಕು ಎನ್ನುತ್ತಿದ್ದಳು. ಪಕ್ಕದಲ್ಲಿ ಅಪ್ಪ ಕೂತಿರುತ್ತಿದ್ದರು, ಕಗ್ಗತ್ತಲ ಹಾಗೆ. ನಮಗೆ ಯಾರಿಗೂ ನಗು ಬರುತ್ತಿರಲಿಲ್ಲ.

ಶೀಟು ತಿರುವುತ್ತಿದ್ದ ನನ್ನ ಕೈ ನಿಂತದ್ದು ಕಂಡು, ಅವನು ಅತ್ತ ನೋಡುತ್ತ ಕೂತಿದ್ದ. ಅವನ ಮೊಣಕೈ ನನ್ನ ಮೊಣಕೈಯ ಪಕ್ಕದಲ್ಲೇ ಇತ್ತು. ಅವನು ನನಗಿಂತ ಎಷ್ಟೋ ಬೆಳ್ಳಗಿದ್ದಾನೆ. ಹನ್ನೊಂದು ವರ್ಷದಲ್ಲಿ ಅದನ್ನು ನಾನು ಗಮನಿಸಿದ್ದು ಆವತ್ತೇ.

ನೀನಾದರೂ ಒಂದು ಮಾತು ಹೇಳಬಾರದಿತ್ತಾ ಎಂದೆ. ದನಿ ಇಳಿದಿತ್ತು.

"ಒಂದ್ಸಲ ಏಳಿದ್ದೆ ಮೇಡಂ, ಬಾಯಲ್ಲಲ್ಲ. ಮೊದಲ್ನೇ ವರ್ಸ ಚರಂಡಿ ಕಿಲೀನ್ ಮಾಡೋನ ಚಿತ್ರ ಬಂದಿತ್ತು. ಬೇಕು ಅಂತ್ಲೇ ಮಕಕ್ಕೆ ತುಂಬ್ದೆ ಬುಟ್ಟಿದ್ದೆ. ಪೇಪರ್ ಬಂದಿದ್ದೇ ನೀವು ಫೋನ್ ಮಾಡುದ್ರಿ."

ಆಗ ನೆನಪಿಗೆ ಬಂತು. ಕಣ್ಣು ಎಲ್ಲಿಟ್ಟುಕೊಂಡಿದ್ದೀಯ, ಇಂಟು ಹಾಕಿದ್ದು ಕಾಣಲಿಲ್ಲವಾ, ಬಿಳಿ ಬಿಟ್ಟರೆ ಅವನು ಯಾರು ಅಂತ ಜನಕ್ಕೆ ಹೇಗೆ ತಿಳಿಯಬೇಕು, ಹೇಳಿದಷ್ಟು ಮಾಡಲು ಬರದಿದ್ದರೆ ಬೇರೆ ಕೆಲಸ ನೋಡಿಕೊ. ಹೀಗೆಲ್ಲ ಬೈದಿದ್ದೆ, ಸ್ಕೂಲಿನ ಕಾರಿಡಾರಿನಲ್ಲಿ ನಿಂತುಕೊಂಡು. ಅವನು ಸರಿ ಮೇಡಂ ಎಂದಿದ್ದ. ಆಮೇಲೆ ಒಂದು ಗುರುತನ್ನೂ ಬಿಟ್ಟವನಲ್ಲ.

ಅವನು ಕೊನೆಗೆ ಒಂದು ಶೀಟನ್ನು ಹತ್ತಿರಕ್ಕೆ ಎಳೆದುಕೊಂಡು, ಕೆಳಮೂಲೆಯ ಕೊಡೆ ಹಿಡಿದ ಹೆಂಗಸಿನ ಮೇಲೆ ಬೆರಳಿಟ್ಟ. ಕೊಡೆಗೆ ಇಂಟು ಇತ್ತು. ಮುಡಿಗೆ ಇಂಟು ಇತ್ತು. ಮುಖ ಬೆಳ್ಳಗಿತ್ತು.

"ಇವ್ರು ನೀವಲ್ವಾ ಮೇಡಂ?" ಎಂದ. ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ಎಷ್ಟೋ ವರ್ಷದಿಂದ ಕೇಳಬೇಕೆಂದಿದ್ದದ್ದನ್ನು ಕೇಳಿದ ಅಷ್ಟೇ.

ಆವತ್ತು ನನಗೆ ಆದದ್ದು ನಾಚಿಕೆ, ಅದನ್ನು ಬೇರೆ ಹೆಸರಿನಿಂದ ಕರೆಯುವುದು ಬೇಡ. ಅವನ ತಾಯಿ ಇನ್ನೊಂದು ಲೋಟ ಟೀ ಕೊಡಲೇ ಎಂದು ಕೇಳಿದರು, ಬೇಡ ಎಂದೆ. ಸಹಿಯ ಪತ್ರವನ್ನು ಅವರೆಕಾಯಿಯ ಕೆಳಗಿನಿಂದ ತೆಗೆದು ಬ್ಯಾಗಿಗೆ ಹಾಕಿಕೊಂಡು ಬಸ್ಸಿಗೆ ಬಂದೆ. ಅವನು ಬಸ್‌ಸ್ಟಾಪಿನವರೆಗೂ ಬಂದು, ಚಿತ್ರಗಳ ಕವರನ್ನು ನನ್ನ ಕೈಗೆ ಕೊಟ್ಟ. ಇವು ನಿಮ್ಮವು, ಇನ್ನು ನನ್ನ ಹತ್ತಿರ ಯಾಕೆ ಎಂದ.

ಮನೆಗೆ ಬಂದು ಅರ್ಧ ಪುಟ ಬರೆದೆ. ನಾಯಕರ ಊಟದ ಬಗ್ಗೆ ನಾನು ಬರೆದದ್ದು ಸರಿ, ಮನೆಯವರ ಮುಖಕ್ಕೆ ಕಪ್ಪು ಹಾಕಿದ್ದು ತಪ್ಪು, ಆ ತಪ್ಪು ನನ್ನದು, ತುಂಬಿದವನದಲ್ಲ ಎಂದು. ಸೋಮವಾರ ಸಂಪಾದಕರಿಗೆ ಕಳಿಸಿದೆ. ಅವರು ಫೋನಿನಲ್ಲಿ ನಕ್ಕರು. "ತಪ್ಪು ಅಂತ ಒಪ್ಕೊಂಡ್ರೆ ಅವ್ರು ಗೆದ್ದಂಗಲ್ವಾ ಮೇಡಂ? ತಪ್ಪು ಸರಿ ಆಮೇಲೆ ನೋಡೋಣ." ಹಾಕಲಿಲ್ಲ. ಆ ಹೊತ್ತಿಗೆ ಚಾನೆಲ್ಲಿನ ನಿರೂಪಕನೇ ನನಗೆ ಫೋನು ಮಾಡಿದ, ಅಕ್ಕಾ ಎಂದು ಕರೆದ. ಸಂಪಾದಕರು ಹೇಳಿ ಬರೆಸಿದರು ಎಂದರೆ ಇವತ್ತೇ ಲೈವ್ ತಗೊಳ್ತೀವಿ ಎಂದ. ಯಾರೂ ಹೇಳಲಿಲ್ಲ, ನಾನೇ ಮಾಡಿದೆ, ನಮ್ಮ ಮನೆಯಲ್ಲಿ ಕಲಿತದ್ದು ಎಂದೆ. ಅವನ ಉತ್ಸಾಹ ಅಲ್ಲೇ ಇಳಿಯಿತು. ಯಾರೂ ಹೇಳದೆ ಮಾಡಿದ್ದು ಸುದ್ದಿಯಲ್ಲವಂತೆ. ಅವನು ಸುಳ್ಳ, ಆದರೆ ನನ್ನ ಚಿತ್ರದ ಬಗ್ಗೆ ಮೊದಲ ದಿನ ಅವನ ಬಾಯಿಂದ ಬಂದ ಮಾತು ನಿಜವಾಗಿತ್ತು. ಇದನ್ನು ನುಂಗಿಕೊಳ್ಳಲು ನನಗೆ ತುಂಬಾ ದಿನ ಬೇಕಾಯಿತು.

ಅವನ ಕೆಲಸ ಹೋಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ನಾನೂ ಅವತ್ತೇ ಬಿಟ್ಟೆ ಎಂದು ಬರೆಯಲು ಆಸೆಯೇನೋ ಇದೆ. ಬಿಡಲಿಲ್ಲ. ಇನ್ನೂ ಮೂರು ವಾರ ಬರೆದೆ. ಮುಖಗಳಿಗೆ ಇಂಟು ಹಾಕದೆ ಬರೆಯಲು ಹೋದೆ, ಬಡವನನ್ನು ಹೇಗೆ ತೋರಿಸುವುದು ಎಂದು ಗೊತ್ತಾಗದೆ ಪೆನ್ನು ಹಿಡಿದುಕೊಂಡು ಕೂತೆ. ಮೂವತ್ತು ವರ್ಷ ಮಕ್ಕಳಿಗೆ ಕಣ್ಣಿಟ್ಟು ನೋಡಿ ಬರೀರಿ ಎಂದು ಹೇಳಿಕೊಟ್ಟವಳಿಗೆ ಒಂದು ಮುಖ ಬರೆಯಲು ಬರಲಿಲ್ಲ. ನಾಲ್ಕನೆಯ ವಾರ ಹುಷಾರಿಲ್ಲ ಎಂದು ಹೇಳಿದೆ. ಆಮೇಲೆ ಅವರೂ ಕೇಳಲಿಲ್ಲ.

ಮುಂದಿನ ಚುನಾವಣೆಗೆ ಮೊದಲು ಆ ನಾಯಕರು ಪಕ್ಷ ಬದಲಾಯಿಸಿ ನಮ್ಮ ಪತ್ರಿಕೆಯ ಕಡೆಗೇ ಬಂದರು. ಸಂಪಾದಕರೂ ನಿರೂಪಕನೂ ಅವರ ಎಡಬಲ ನಿಂತು ಹಾರ ಹಾಕಿದ ಫೋಟೋ ಮೊದಲ ಪುಟದಲ್ಲಿ ಬಂತು. ಕಾಲೋನಿಯ ಊಟದ ಮಾತು, ಕಪ್ಪಿನ ಮಾತು, ಯಾವುದೂ ಇಲ್ಲ. ಇಷ್ಟರಲ್ಲಿ ಕಳೆದುಕೊಂಡವನು ಅವನೊಬ್ಬನೇ.

ಅವನು ಹಾಸನದಲ್ಲಿ ಒಂದು ಫ್ಲೆಕ್ಸ್ ಅಂಗಡಿ ಸೇರಿದ. ಸಂಬಳ ಕಮ್ಮಿ. ಹುಟ್ಟುಹಬ್ಬ, ಗೃಹಪ್ರವೇಶ, ಶ್ರದ್ಧಾಂಜಲಿ, ಎಲ್ಲಕ್ಕಿಂತ ಹೆಚ್ಚಾಗಿ ಲೀಡರುಗಳದು. ಬರುವವರೆಲ್ಲ ಒಂದೇ ಮಾತು ಹೇಳುತ್ತಾರಂತೆ: ಸ್ವಲ್ಪ ಬೆಳ್ಳಗೆ ಮಾಡು. ಮೊದಲು ಮುಖಕ್ಕೆ ಕಪ್ಪು ತುಂಬುತ್ತಿದ್ದವನು ಈಗ ದಿನವೆಲ್ಲ ಮುಖದಿಂದ ಕಪ್ಪು ತೆಗೆಯುತ್ತಾನೆ. ಇದನ್ನು ಅವನೇ ಒಂದು ಸಲ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ನಗುತ್ತ ಹೇಳಿದ. ನನಗೆ ನಗಲು ಆಗಲಿಲ್ಲ.

ನಾನು ರಿಟೈರಾದದ್ದು ಹೋದ ವರ್ಷ. ಹಳೆಯ ವಿದ್ಯಾರ್ಥಿಗಳು ಸೇರಿ ಸನ್ಮಾನ ಇಟ್ಟುಕೊಂಡರು, ನನ್ನ ಫೋಟೋದ ದೊಡ್ಡ ಫ್ಲೆಕ್ಸ್ ಮಾಡಿಸಿ ಬಸ್‌ಸ್ಟ್ಯಾಂಡಿನ ಎದುರಿಗೆ ಕಟ್ಟಿದರು. ಈಗ ನನ್ನ ಜೊತೆಗೇ ಇರುವ ಅಕ್ಕ ಬೆಳಗ್ಗೆ ಹಾಲಿಗೆ ಹೋದವಳು ಅದನ್ನು ನೋಡಿಕೊಂಡು ಬಂದು ಬಾಗಿಲಲ್ಲೇ ಶುರು ಮಾಡಿದಳು.

"ಇದೇನೇ ಇದು? ಇದ್ದಿಲು ಮೂಟೆ ಮಾಡಿ ನಿಲ್ಲಿಸವ್ರೆ ನಿನ್ನ. ಹಾಸನದಲ್ಲಿ ಮಾಡ್ಸಿದ್ದಂತೆ. ಅವ್ನೇ ಕಣೆ, ಬೇಕೂ ಅಂತ್ಲೇ ಮಾಡವ್ನೆ, ಸೇಡು ತೀರಿಸ್ಕಂಡವ್ನೆ."

ಸೀರೆ ಉಟ್ಟುಕೊಂಡು ಹೋಗಿ ನೋಡಿದೆ. ಎಡಗಡೆಯಲ್ಲಿ ಆ ನಾಯಕರ ಹುಟ್ಟುಹಬ್ಬದ ಫ್ಲೆಕ್ಸು, ಸಿಪ್ಪೆ ಸುಲಿದ ಬೆಳ್ಳುಳ್ಳಿಯ ಹಾಗೆ. ಬಲಗಡೆ ಇನ್ಯಾರೋ, ಅವರೂ ಹಾಗೇ. ನಡುವೆ ನಾನು, ಹತ್ತು ಅಡಿ ಎತ್ತರಕ್ಕೆ, ಹಂಚಿನ ತಳದ ಬಣ್ಣದಲ್ಲಿ. ಹೈವೇಯ ಬಸ್ಸುಗಳು ಸ್ಟ್ಯಾಂಡಿಗೆ ತಿರುಗುವಾಗ ಎಲ್ಲರಿಗೂ ಕಾಣುವ ಜಾಗ. ನನಗೆ ಸಿಟ್ಟು ಬಂತು. ಇಷ್ಟೆಲ್ಲ ಆದ ಮೇಲೂ ಬಂತು ಎನ್ನುವುದನ್ನು ಬರೆಯದಿದ್ದರೆ ಈ ಬರಹಕ್ಕೆ ಅರ್ಥವಿಲ್ಲ. ಅಲ್ಲೇ ನಿಂತು ಅವನಿಗೆ ಫೋನು ಮಾಡಿದೆ.

ಫ್ಲೆಕ್ಸ್ ನೋಡಿದೆ ಎಂದೆ. ಅಷ್ಟಕ್ಕೇ ಅವನಿಗೆ ನನ್ನ ದನಿ ಗೊತ್ತಾಯಿತು.

"ಎಲ್ರುದ್ನೂ ಬೆಳ್ಳಗ್ ಮಾಡ್ತೀನಿ ಮೇಡಂ, ಕೇಳ್ತಾರೆ, ಮಾಡ್ತೀನಿ. ನಿಮ್ದುನ್ನ ನಾನು ಮುಟ್ನಿಲ್ಲ, ಇದ್ದಂಗೇ ಬುಟ್ಟೆ. ನೀವು ಬೆಳ್ಳಗ್ ಮಾಡು ಅನ್ನಕಿಲ್ಲ ಅಂದ್ಕಂಡೆ." ಆಮೇಲೆ ಅವನೇ ಕೇಳಿದ. "ಬ್ಯಾರೆ ಮಾಡ್ಕೊಡ್ಲಾ ಮೇಡಂ? ಸಾಯಂಕಾಲದ ಫಂಕ್ಷನ್ನಿಗೆ ಬಸ್ಸಲ್ಲಿ ಕಳಿಸ್ತೀನಿ."

ಬೇಡ ಎಂದೆ. ಅಷ್ಟು ಹೇಳಲು ನನಗೆ ಎಷ್ಟು ಹೊತ್ತು ಹಿಡಿಯಿತು ಎನ್ನುವುದು ನನಗೆ ಗೊತ್ತು, ಫೋನಿನ ಆ ಕಡೆ ಕಾಯುತ್ತಿದ್ದ ಅವನಿಗೂ ಗೊತ್ತು.